ಕಳ್ಳ ಬಂದರೆ ಮೊದಲು ಕ್ಯಾಲೆಂಡರ್ ನೋಡಿ

ಮತ್ತದೇ ಸುದ್ದಿ. ರಾತ್ರಿ ನುಗ್ಗಿದವನಿಗೆ ಮನೆ ಯಜಮಾನ ದೊಣ್ಣೆಯಲ್ಲಿ ಬಾರಿಸಿದ. ಕಳ್ಳ ಆಸ್ಪತ್ರೆ ಸೇರಿದ, ಯಜಮಾನ ಠಾಣೆ ಸೇರಿದ. ಊರು ಯಾವುದು ಅಂತ ಹೇಳಬೇಕಾಗಿಲ್ಲ, ಇಂಥದ್ದನ್ನು ನೀವೂ ಓದಿರುತ್ತೀರಿ. ಇಂಥ ಸುದ್ದಿ ಬಂದಾಗೆಲ್ಲ ತುಮಕೂರಿನ ಟೀ ಅಂಗಡಿಗಳಲ್ಲಿ ಒಂದೇ ಮಾತು: 'ಕಳ್ಳನ್ನ ಮುಟ್ಟಂಗಿಲ್ವಂತೆ ಕಣ್ರೀ, ಕಾಫಿ ಕೊಟ್ಟು ಕಳಿಸ್ಬೇಕಂತೆ.'

ಯಾರ್ರೀ ಹೇಳಿದ್ದು? ನಮ್ಮ ಕಾನೂನು ಅಷ್ಟು ಜಿಪುಣ ಅಲ್ಲ. 1860ರ ದಂಡ ಸಂಹಿತೆಯಲ್ಲೇ ಆತ್ಮರಕ್ಷಣೆಯ ಹಕ್ಕು ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿ ಬಿಡಾರ ಹೂಡಿದೆ. 41ನೇ ಸೆಕ್ಷನ್ ಅಂತೂ ಧಾರಾಳಿ. ಸೂರ್ಯ ಮುಳುಗಿದ ಮೇಲೆ, ಮತ್ತೆ ಹುಟ್ಟುವ ಮೊದಲು, ಯಾರಾದರೂ ಮನೆಗೆ ಕನ್ನ ಹಾಕಿದರೆ, ತಡೆಯೋಕೆ ಬೇರೆ ದಾರಿಯೇ ಇಲ್ಲದಿದ್ದರೆ, ಅವನ ಜೀವ ಹೋದರೂ ಅದು ಅಪರಾಧ ಅಲ್ಲ.

ಆದ್ದರಿಂದ ತಲೆದಿಂಬಿನ ಪಕ್ಕ ದೊಣ್ಣೆಗಿಂತ ಮೊದಲು ಕ್ಯಾಲೆಂಡರ್ ಇಟ್ಟುಕೊಳ್ಳಿ. ಸೂರ್ಯೋದಯ 6.40 ಅಂತಿದ್ದು, ಕಳ್ಳ 6.39ಕ್ಕೆ ಕಿಟಕಿ ಸರಳು ಬಗ್ಗಿಸಿ ಒಳಗೆ ಬಂದರೆ ಒಂದು ಲೆಕ್ಕ. 6.41ಕ್ಕೆ ಬಂದರೆ ಬೇರೆ ಲೆಕ್ಕ. ಆಗ ಅವನು ಸುಲಿಗೆಗೆ ಬಂದಿರಬೇಕು, ಇಲ್ಲವೇ ನಿಮ್ಮ ಜೀವಕ್ಕೋ ಕೈಕಾಲಿಗೋ ಸಂಚಕಾರ ಅನ್ನುವ ಭಯಕ್ಕೆ ಸರಿಯಾದ ಕಾರಣ ಇರಬೇಕು. ಕಳ್ಳನಿಗೆ ವಾಚು ಕಟ್ಟಿಕೊಂಡು ಬಾ ಅಂತ ಹೇಳುವವರು ಯಾರು?

ಇನ್ನು ಬಾಗಿಲು. ಸೆಕೆ ಅಂತ ಬಾಗಿಲು ತೆರೆದಿಟ್ಟು ಮಲಗುವವರು ಗಮನಿಸಿ. ತೆರೆದ ಬಾಗಿಲಲ್ಲಿ ಸುಮ್ನೆ ನಡೆದು ಬಂದವನು ಕನ್ನ ಹಾಕಿದ ಹಾಗಲ್ಲ. ಕಿಟಕಿಯಲ್ಲಿ ತೂರಿದರೆ ಕನ್ನ. ಬಾಗಿಲ ತೂತಿನಲ್ಲಿ ತಂತಿ ಹಾಕಿ ಚಿಲಕ ಎತ್ತಿದರೆ ಕನ್ನ. ಗೋಡೆ ಕೊರೆದು ಬರೀ ಕೈ ತೂರಿಸಿದರೂ ಕನ್ನ. ಎಲ್ಲಕ್ಕಿಂತ ಚೆಂದದ್ದು ಇದು: ತೆರೆದ ಬಾಗಿಲಲ್ಲಿ ಬಂದವನು ಕದ್ದು ಕಿಟಕಿಯಿಂದ ಹಾರಿ ಹೋದರೆ ಅದೂ ಕನ್ನವೇ! ಹೊಡೆಯುವ ಮೊದಲು, 'ಸ್ವಲ್ಪ ಕಿಟಕಿ ಕಡೆಯಿಂದ ಹೋಗಪ್ಪ' ಅಂತ ಕೇಳಿಕೊಳ್ಳುವುದು ಒಳ್ಳೆಯದು.

ತಿಪಟೂರು ಕಡೆಯ ತೋಟದವರಿಗೆ ತಲೆನೋವು ಇನ್ನೂ ಜಾಸ್ತಿ. ಕೊಬ್ಬರಿ ರೇಟು ಏರಿದರೆ ಕಳ್ಳರಿಗೂ ಸುಗ್ಗಿ. ಕೊಬ್ಬರಿ ಆಗಬೇಕು ಅಂದರೆ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದಲ್ಲಿ ಕೂರಬೇಕು. ಅಟ್ಟದ ಕಾಯಿಗೆ ಕಾನೂನಿನ ಭದ್ರ ಕಾವಲಿದೆ, ಯಾಕೆಂದರೆ ಮಾಲು ಇಡುವ ಕಟ್ಟಡವೂ ಕಾನೂನಿಗೆ ಮನೆಯೇ. ಅದೇ ಕಾಯಿ ಇನ್ನೂ ಮರದಲ್ಲಿದ್ದರೆ ಬರೀ ಕಳವು.

'ಯಾವನ್ಲಾ ಅದು ಮರದ ಮ್ಯಾಲೆ?'

'ನಾನು ಕಣಣ್ಣ.'

'ಕೈಯಾಗೆ ಮಚ್ಚು ಐತೇನ್ಲಾ?'

'ಮಚ್ಚಿಲ್ದೆ ಗೊನೆ ಹೆಂಗ್ ಕಡೀಲಿ ಕಣಣ್ಣ?'

ಮಚ್ಚು ಇದೆ, ಭಯಕ್ಕೆ ಕಾರಣ ಸಿಕ್ಕಿತು. ಆದರೆ ಅವನು ಮೇಲೆ, ನೀವು ಕೆಳಗೆ. ಅವನು ಇಳಿಯುವಷ್ಟರಲ್ಲಿ ಪೊಲೀಸರನ್ನು ಕರೆಸುವಷ್ಟು ಸಮಯ ಇತ್ತಲ್ವಾ ಅಂತ 37ನೇ ಸೆಕ್ಷನ್ ಕೇಳುತ್ತದೆ. ಇತ್ತು ಅಂದರೆ ನಿಮ್ಮ ಹಕ್ಕು ಹೋಯಿತು. ಅಷ್ಟರಲ್ಲಿ ಅವನು ಇಳಿದು ಮೂಟೆ ಹೊತ್ತು ಓಡಿದ. ಮಾಲು ಸಮೇತ ಪರಾರಿಯಾಗುವ ತನಕ ನಿಮ್ಮ ಹಕ್ಕಿಗೆ ಜೀವ ಇದೆ ಅಂತ 43ನೇ ಸೆಕ್ಷನ್ ಹೇಳುತ್ತದೆ. ಪರಾರಿ ಮುಗಿಯುವುದು ಎಲ್ಲಿ? ಬೇಲಿ ದಾಟಿದಾಗಲೋ, ಕೆ.ಬಿ. ಕ್ರಾಸಿನಲ್ಲಿ ಬಸ್ ಹತ್ತಿದಾಗಲೋ?

ಇಷ್ಟೆಲ್ಲ ರಗಳೆ ಯಾಕೆ, ಬೇಲಿಗೆ ಕರೆಂಟ್ ಕೊಟ್ಟು ಮಲಗೋಣ ಅನ್ನುವ ಬುದ್ಧಿವಂತರೂ ಇದ್ದಾರೆ. ಬಿಹಾರದಲ್ಲಿ ಒಬ್ಬ ಹಾಗೇ ಮಾಡಿದ್ದ. ಪಕ್ಕದ ಮನೆಯ ಕಕ್ಕಸಿನ ಗೋಡೆ ಬಿದ್ದು, ಅವರು ಇವನ ಕಕ್ಕಸಿಗೆ ಬರತೊಡಗಿದರು. ಇವನು ಆ ದಾರಿಗೆ ಕರೆಂಟ್ ತಂತಿ ಎಳೆದ. ಪಕ್ಕದ ಮನೆಯ ಹೆಂಗಸು ಸತ್ತಳು. 1963ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು. ಇಲ್ಲಿ ನನಗೆ ಗೇಲಿ ಮಾಡಲು ಏನೂ ಇಲ್ಲ, ಸರಿಯಾಗೇ ಇದೆ. ಕಳ್ಳ ಯಾರು, ಎಮ್ಮೆ ಹುಡುಕಿಕೊಂಡು ಬಂದ ಹುಡುಗ ಯಾರು ಅಂತ ತಂತಿಗೆ ಗೊತ್ತಾಗುವುದಿಲ್ಲ. ಸಿಕ್ಕಿಬಿದ್ದವನನ್ನು ಲೈಟ್ ಕಂಬಕ್ಕೆ ಕಟ್ಟಿ, ವಿಡಿಯೋ ಮಾಡುತ್ತಾ ಬಡಿಯುವ ವೀರರಿಗೂ ಇದೇ ಮಾತು. ಕೈ ಕಟ್ಟಿಸಿಕೊಂಡು ನಿಂತವನಿಂದ ಅವರಿಗೆ ಯಾವ ಜೀವಭಯವೋ!

ಆದರೆ ಒಂಟಿ ತೋಟದ ಮನೆಯ ಕಥೆ ಬೇರೆ. ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ. ರಾತ್ರಿ ಎರಡು ಗಂಟೆಗೆ ಹಿಂಬಾಗಿಲು ಕಿರ್ ಅನ್ನುತ್ತದೆ. 112ಕ್ಕೆ ಫೋನ್ ಮಾಡಿದರೆ, 'ಲ್ಯಾಂಡ್‌ಮಾರ್ಕ್ ಹೇಳಿ ಸಾರ್.' ಆಲದ ಮರ ಅಂದರೆ, 'ಯಾವ ಆಲದ ಮರ ಸಾರ್?' ಲೈಸೆನ್ಸ್ ಇರುವ ಕೋವಿ ಇದ್ದರೂ, ಎಲೆಕ್ಷನ್ ಹೊತ್ತಾದರೆ ಅದು ಠಾಣೆಯಲ್ಲಿ ಮಲಗಿರುತ್ತದೆ. ಕಳ್ಳರಿಗೆ ಮಾತ್ರ ನೀತಿ ಸಂಹಿತೆ ಜಾರಿಯಾಗುವುದಿಲ್ಲ.

2010ರ ದರ್ಶನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ಮಾತೇ ಹೇಳಿದೆ. ದಾಳಿಗೆ ಸಿಕ್ಕವನು ಹಂತ ಹಂತವಾಗಿ ಅಳೆದು ಹೊಡೆಯಲಿ ಅಂತ ಬಯಸುವುದು ತಪ್ಪು ಅಂದಿದೆ. ಆದರೆ ಅದೇ ಕೇಸಿನಲ್ಲಿ ಕೆಳಗಿನ ಕೋರ್ಟ್ ಬಿಟ್ಟಿತ್ತು, ಹೈಕೋರ್ಟ್ ಶಿಕ್ಷೆ ಕೊಟ್ಟಿತ್ತು, ಕಡೆಗೆ ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟಿತು. ಫ್ಯಾನ್ ಕೆಳಗೆ ಕೂತು, ಪುಸ್ತಕ ಮುಂದಿಟ್ಟುಕೊಂಡು, ಓದಿದ ಜಡ್ಜುಗಳಿಗೇ ಒಮ್ಮತ ಬರಲಿಲ್ಲ. ಕತ್ತಲಲ್ಲಿ ಕನ್ನಡಕ ಸಿಗದೆ ತಡಕಾಡುವ ಆ ಯಜಮಾನರು ಮಾತ್ರ ಅರೆ ನಿಮಿಷದಲ್ಲಿ ಎಲ್ಲ ಸರಿಯಾಗಿ ಲೆಕ್ಕ ಹಾಕಬೇಕು. ಹಾಕಿದ್ದು ಸರಿ ಅಂತ ಆಮೇಲೆ ತೋರಿಸುವ ಹೊರೆಯೂ ಅವರದ್ದೇ. ವಕೀಲರ ಫೀಸೂ ಅವರದ್ದೇ. ವಾಯಿದೆ ವಾಯಿದೆಗೆ ತುಮಕೂರಿಗೆ ಬಸ್ ಹತ್ತುವುದೂ ಅವರೇ.

ಸಾಕಾಗಿದೆ ಸ್ವಾಮಿ. ಮೊದಲು ಆ ರಸ್ತೆಗೊಂದು ಬೀದಿದೀಪ ಹಾಕಿಸಿ. ಬೀಟ್ ಪುಸ್ತಕಕ್ಕೆ ಸಹಿ ಹಾಕಲಾದರೂ ರಾತ್ರಿ ಒಬ್ಬ ಪೊಲೀಸಪ್ಪನನ್ನು ಆ ಕಡೆ ಕಳಿಸಿ. ಆಮೇಲೆ ಬಂದು ಕೇಳಿ, ದೊಣ್ಣೆ ಎಷ್ಟು ದಪ್ಪ ಇತ್ತು ಅಂತ.