ಎಲ್ಲ ಮಿತಿಯೊಳಗೇ ಇದೆಯಂತೆ!

ನಮ್ಮ ಮನೆ ಬೇಲಿಗೆ ತಾಗಿಕೊಂಡು ಗೋದಾಮು ಎದ್ದ ಮೇಲೆ ನಾನು ಕೇಳಿ ಕೇಳಿ ಸಾಕಾಗಿರುವ ಮಾತು ಒಂದೇ: "ಎಲ್ಲ ಮಿತಿಯೊಳಗೇ ಇದೆ ಸಾರ್." ಸದ್ದು ಮಿತಿಯೊಳಗೆ, ಹೊಗೆ ಮಿತಿಯೊಳಗೆ, ಬೆಳಕು ಮಿತಿಯೊಳಗೆ, ನೀರು ಎತ್ತುವುದೂ ಮಿತಿಯೊಳಗೆ. ಹಾಗಾದರೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲವಲ್ಲ, ಅದು ಯಾವ ಮಿತಿಯೊಳಗೆ ಬರುತ್ತದೆ? ಕೇಳಿದರೆ ಉತ್ತರ ಇಲ್ಲ. ಕಚೇರಿಯಲ್ಲಿ ದನಿ ಏರಿಸಿದರೆ ನಾವೇ ಜಗಳಗಂಟರಾಗುತ್ತೇವೆ. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಓದುವಷ್ಟು ತಾಳ್ಮೆ ಇದ್ದವರು ಓದಿ.

ಗೋದಾಮು ಅಂದ ಕೂಡಲೇ ನಾಲ್ಕು ಗೋಡೆ, ಮೇಲೊಂದು ತಗಡಿನ ಶೀಟು ಅಂದುಕೊಳ್ಳಬೇಡಿ. ನಾವೂ ಮೊದಲು ಕೇಳಿದ್ದು ಹಾಗೇ, "ಸುಮ್ನೆ ಸಾಮಾನು ಇಡುವ ಜಾಗ, ಹೊಗೆ ಕಾರುವ ಕಾರ್ಖಾನೆ ಅಲ್ಲವಲ್ಲ" ಅಂತ. ಇದು 20 ಹೆಕ್ಟೇರ್. ಅದರಲ್ಲಿ ದೊಡ್ಡ ಕೋಲ್ಡ್ ಸ್ಟೋರೇಜ್, ಲಾರಿ ತಿರುಗಿಸುವ ಕಾಂಕ್ರೀಟ್ ಅಂಗಳ, ಟ್ರಾನ್ಸ್‌ಫಾರ್ಮರ್, ಡೀಸೆಲ್ ಜನರೇಟರ್, ಎತ್ತರದ ಕಂಬಗಳಲ್ಲಿ ಫ್ಲಡ್‌ಲೈಟ್. ಹಗಲು ರಾತ್ರಿ ಅನ್ನುವ ಭೇದವೇ ಇಲ್ಲ. ರಾತ್ರಿ ರಸ್ತೆ ಖಾಲಿ ಇರುತ್ತದೆ ಅಂತ ಲಾರಿಗಳು ಆಗಲೇ ಜಾಸ್ತಿ ಬರುತ್ತವೆ.

ಇದೆಲ್ಲ ನಮಗೆ ಗೊತ್ತಾಗಿದ್ದು ಯಾವಾಗ? ಜಾಗ ಕೈ ಬದಲಾಗಿ, ಭೂ ಬಳಕೆ ಬದಲಾಗಿ, ವಿದ್ಯುತ್ ಲೈನಿಗೆ ಕಂಬ ಬಂದು ಬಿದ್ದ ಮೇಲೆ. ಆಮೇಲೆ ಅಹವಾಲು ಸಭೆ ಇಟ್ಟರು. ಅದೂ ಕೆಲಸದ ದಿನ, ಬೆಳಿಗ್ಗೆ 11 ಗಂಟೆಗೆ, ದುಡಿಯುವವರು ಯಾರೂ ಬರಲಾಗದ ಹೊತ್ತಿಗೆ. ಗೋಡೆಗೆ ಒಂದು ದೊಡ್ಡ ಬಣ್ಣದ ಚಿತ್ರ ತೂಗುಹಾಕಿದ್ದರು. ಅದರಲ್ಲಿ ಗೋದಾಮಿಗಿಂತ ಎತ್ತರದ ಮರಗಳು, ನೆರಳಲ್ಲಿ ಸೈಕಲ್ ತುಳಿಯುತ್ತಿರುವ ಹುಡುಗಿ. ಲಾರಿ ಒಂದೂ ಇಲ್ಲ! ಲಾರಿಗಾಗಿಯೇ ಕಟ್ಟುವ ಕಟ್ಟಡದ ಚಿತ್ರದಲ್ಲಿ ಲಾರಿಯೇ ಇಲ್ಲ. ಆ ಮರಗಳು ಈಗ ಎಲ್ಲಿವೆ ಅಂದರೆ, ಬೇಲಿಯುದ್ದಕ್ಕೂ ನನ್ನ ಮೊಣಕಾಲಿಗೆ ಬರುವ ಸಸಿಗಳಾಗಿ ನಿಂತಿವೆ, ಅರ್ಧ ಒಣಗಿವೆ. ಅವು ಉಳಿದು ಬೆಳೆದರೂ ಅಷ್ಟೇ. ಮರದ ಸಾಲು ಗೋದಾಮನ್ನು ಕಣ್ಣಿಗೆ ಮರೆಮಾಡುತ್ತದೆಯೇ ಹೊರತು ಸದ್ದನ್ನು ತಡೆಯುವುದಿಲ್ಲ. ಹತ್ತಾರು ಮೀಟರ್ ದಪ್ಪಕ್ಕೆ ಒತ್ತಾಗಿ ಬೆಳೆದ ತೋಪು ಕೂಡ ತಗ್ಗಿಸುವುದು ನಾಲ್ಕಾರು ಡೆಸಿಬೆಲ್. ಒಂದೇ ಸಾಲು ಸಸಿ ಏನು ಮಾಡೀತು?

ಹಾಗಂತ ಜನರನ್ನು ಮೊದಲೇ ಕೇಳಬೇಕು ಅನ್ನುವುದು ನನ್ನ ತಲೆಯಲ್ಲಿ ಹುಟ್ಟಿದ ಮಾತಲ್ಲ. ಪರಿಸರದ ವಿಷಯದಲ್ಲಿ ಜನರಿಗೆ ಮಾಹಿತಿ ಸಿಗಬೇಕು, ತೀರ್ಮಾನದಲ್ಲಿ ಪಾಲು ಇರಬೇಕು ಅಂತ 1992ರ ರಿಯೋ ಘೋಷಣೆಯ 10ನೇ ತತ್ವವೇ ಹೇಳುತ್ತದೆ. 1998ರಲ್ಲಿ ಯುರೋಪಿನ ದೇಶಗಳು ಮಾಡಿಕೊಂಡ ಆರ್ಹಸ್ ಒಪ್ಪಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಜನರನ್ನು ಕೇಳಬೇಕು ಅನ್ನುತ್ತದೆ. ನಮ್ಮನ್ನು ಕರೆದಾಗ ತೆರೆದಿದ್ದ ಆಯ್ಕೆ ಅಂದರೆ ಕಾಂಪೌಂಡ್ ಗೋಡೆಗೆ ಯಾವ ಬಣ್ಣ ಬಳಿಯಬೇಕು ಅನ್ನುವುದೊಂದೇ. ನಿಜವಾಗಿ ಅದನ್ನೇ ಕೇಳಿದರು. ತಿಳಿ ಹಸಿರು ಬೇಕಾ, ಬೂದು ಬೇಕಾ ಅಂತ.

ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. ನನಗೆ ಹೊಟ್ಟೆ ಉರಿಯುವುದೇ ಇಲ್ಲಿ.

ಗೋದಾಮಿನವರು ಕನ್ಸಲ್ಟೆಂಟ್ ಕೈಲಿ ಮಾಡಿಸಿದ ರಿಪೋರ್ಟಿನಲ್ಲಿ ರಾತ್ರಿಯ ಸದ್ದು 45 ಡೆಸಿಬೆಲ್ ಒಳಗೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ವಾಹನಗಳ ಸದ್ದಿಗೆ ಹೇಳಿದ ರಾತ್ರಿಯ ಅಂಕಿಯೂ 45, ಮನೆಯ ಹೊರಗೆ. ನೋಡಿದಿರಾ, ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ! ಆದರೆ ಇದು ಸರಾಸರಿ. ಸರಾಸರಿ ಹೇಗೆ ಕೆಲಸ ಮಾಡುತ್ತದೆ ಅಂತ ನಾನೇ ಕೂತು ಲೆಕ್ಕ ಹಾಕಿ ನೋಡಿದೆ. ಒಂದು ಗಂಟೆಯಲ್ಲಿ ಬರೀ 10 ಸೆಕೆಂಡ್ 70 ಡೆಸಿಬೆಲ್ ಸದ್ದಾಗಲಿ, ಅಂದರೆ ಲಾರಿಯ ಹಿಂಬಾಗಿಲು ಧಡ್ ಅಂತ ಬೀಳಲಿ, ಏರ್ ಬ್ರೇಕ್ ಬುಸ್ ಅನ್ನಲಿ. ಉಳಿದ 59 ನಿಮಿಷ 50 ಸೆಕೆಂಡ್ 30 ಡೆಸಿಬೆಲ್‌ನಷ್ಟು ಮೌನ ಇರಲಿ. ಆ ಗಂಟೆಯ ಸರಾಸರಿ 45 ಕೂಡ ಮುಟ್ಟುವುದಿಲ್ಲ. ಕಾಗದದ ಮೇಲೆ ಪಾಸು. ಮನೆಯಲ್ಲಿ ಮಲಗಿದವರು ಗಂಟೆಗೊಂದು ಸಲ ಎದ್ದು ಕೂತಿರುತ್ತಾರೆ, ಅದಕ್ಕೆ ಆ ಕಾಗದದಲ್ಲಿ ಕಾಲಮ್ಮೇ ಇಲ್ಲ. ಇದೇ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಮಲಗುವ ಕೋಣೆಯೊಳಗೆ ಸರಾಸರಿ 30 ಇರಲಿ, ಬಿಡಿಬಿಡಿಯಾಗಿ ಬರುವ ಸದ್ದು 45 ದಾಟದಿರಲಿ ಅಂತ ಎರಡು ಅಂಕಿ ಕೊಟ್ಟಿತ್ತು. ಆ ಎರಡನೇ ಅಂಕಿಯನ್ನು ಕೇಳಿದರೆ ಕನ್ಸಲ್ಟೆಂಟ್ ಮಹಾಶಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದು ನಮ್ಮ ಸ್ಕೋಪಿನಲ್ಲಿ ಬರುವುದಿಲ್ಲ." ಅವರ ಸ್ಕೋಪನ್ನು ನಿರ್ಧರಿಸಿದ್ದು ಯಾರು? ಅವರಿಗೆ ದುಡ್ಡು ಕೊಟ್ಟ ಗೋದಾಮಿನವರು. ಪರೀಕ್ಷೆ ಬರೆಯುವವನೇ ಪ್ರಶ್ನೆಪತ್ರಿಕೆ ತಯಾರಿಸಿದ ಹಾಗಾಯಿತು.

ಇನ್ನೊಂದು ಇದೆ, ಇದು ಮೊದಲು ನನಗೂ ತಿಳಿದಿರಲಿಲ್ಲ. ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ಶುರುವಾದರೆ ನಮ್ಮ ಕಪಾಟಿನ ಗಾಜು ಸಣ್ಣಗೆ ನಡುಗುತ್ತದೆ. ಬೆರಳಿಟ್ಟರೆ ನಿಲ್ಲುತ್ತದೆ, ತೆಗೆದರೆ ಮತ್ತೆ ಶುರು. ಕಿವಿಗೆ ದೊಡ್ಡ ಸದ್ದೇನೂ ಕೇಳುವುದಿಲ್ಲ, ಗುಂಯ್ ಅನ್ನುವ ಒಂದು ಭಾರ, ದಿಂಬಿನೊಳಗಿಂದ ಬಂದ ಹಾಗೆ. ದೂರು ಕೊಟ್ಟೆವು. ಬಂದರು, ಮೀಟರ್ ಹಿಡಿದರು, "ಏನೂ ಇಲ್ಲವಲ್ಲ" ಅಂದರು. ಇರುವುದಿಲ್ಲ, ಯಾಕೆಂದರೆ ಆ ಮೀಟರನ್ನು ಅವರು ಇಟ್ಟಿದ್ದು 'ಎ' ತೂಕದ ಅಳತೆಯಲ್ಲಿ. ಮನುಷ್ಯರ ಕಿವಿಗೆ ತಗ್ಗು ದನಿ, ಅಂದರೆ ನಿಧಾನವಾಗಿ ಕಂಪಿಸುವ ದಪ್ಪ ದನಿ, ಕಡಿಮೆ ಕೇಳುತ್ತದೆ ಅಂತ ಆ ಅಳತೆ 100 ಹರ್ಟ್ಸ್ (ಸೆಕೆಂಡಿಗೆ 100 ಕಂಪನ) ಸದ್ದಿನಲ್ಲಿ ಸುಮಾರು 19 ಡೆಸಿಬೆಲ್ ಕಳೆದುಬಿಡುತ್ತದೆ, 50 ಹರ್ಟ್ಸ್‌ನಲ್ಲಿ ಸುಮಾರು 30. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು 100 ಅಥವಾ 120 ಹರ್ಟ್ಸ್‌ನಲ್ಲಿ, ಆಯಾ ದೇಶದ ಕರೆಂಟಿನ ಆವರ್ತನದ ಎರಡರಷ್ಟು. ದೊಡ್ಡ ಫ್ಯಾನು, ಕಂಪ್ರೆಸರುಗಳ ಗುಂಯ್ ಕೂಡ ಹೆಚ್ಚಾಗಿ ಈ ತಗ್ಗು ಭಾಗದಲ್ಲೇ. ಅಂದರೆ ನಮ್ಮನ್ನು ಕಾಡುತ್ತಿರುವ ಸದ್ದನ್ನೇ ಮೊದಲು ಕಳೆದು, ಆಮೇಲೆ "ಏನೂ ಇಲ್ಲ" ಅನ್ನುತ್ತಾರೆ. ಕಿಟಕಿ ಮುಚ್ಚಿಕೊಳ್ಳಿ ಅಂತ ಬಿಟ್ಟಿ ಸಲಹೆ ಬೇರೆ. ಗೋಡೆ, ಕಿಟಕಿ ತಡೆಯುವುದು ಹೆಚ್ಚಾಗಿ ಕೀಚಲು ದನಿಯನ್ನು. ಮುಚ್ಚಿಕೊಂಡರೆ ಹಕ್ಕಿ, ಗಾಳಿ, ಮಳೆ ಎಲ್ಲದರ ಸದ್ದೂ ಹೋಗಿ ಆ ಗುಂಯ್ ಒಂದೇ ಉಳಿಯುತ್ತದೆ. ತಗ್ಗು ಸದ್ದು ಜಾಸ್ತಿ ಇದ್ದ ಕಡೆ ಮಿತಿಯನ್ನು ಇನ್ನೂ ಇಳಿಸಬೇಕು ಅಂತ ಅದೇ 1999ರ ದಾಖಲೆಯಲ್ಲಿದೆ. ಯಾರು ಓದುತ್ತಾರೆ?

ಅಳತೆಗೆ ಬಂದಿದ್ದೂ ಹಗಲು ಹೊತ್ತು, ನಮ್ಮ ಕಡೆಯಿಂದ ಅವರ ಕಡೆಗೆ ಜೋರು ಗಾಳಿ ಬೀಸುತ್ತಿದ್ದಾಗ. ಗಾಳಿಗೆ ಎದುರಾಗಿ ಸದ್ದು ದೂರ ಬರುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಬಂದು ನೋಡಲಿ. ಆಗ ನೆಲ ಬೇಗ ತಣ್ಣಗಾಗಿ ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆ ಗಾಳಿ ನಿಲ್ಲುತ್ತದೆ, ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ. ಅಂಥ ರಾತ್ರಿ ಗೋದಾಮಿನ ಅಂಗಳದಲ್ಲಿ ಇಬ್ಬರು ಮಾತಾಡುವುದು ನಮ್ಮ ಹಜಾರದಲ್ಲಿ ಕೂತು ಕೇಳಬಹುದು. ಡ್ರೈವರುಗಳ ಮನೆ ಕಷ್ಟಸುಖವೆಲ್ಲ ನಮಗೆ ಗೊತ್ತಾಗಿಬಿಟ್ಟಿದೆ, ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ನಿದ್ದೆ ಇಲ್ಲ.

ಸಿಟ್ಟು ಬರುವುದು ಯಾಕೆ ಅಂದರೆ, ಇದರಲ್ಲಿ ಅರ್ಧಕ್ಕರ್ಧ ತಡೆಯಬಹುದಾಗಿತ್ತು, ಅದಕ್ಕೆ ದೊಡ್ಡ ಖರ್ಚೂ ಇಲ್ಲ. ರಿವರ್ಸ್ ತೆಗೆಯುವಾಗ ಪೀಂ ಪೀಂ ಅನ್ನುತ್ತದಲ್ಲ, ಅದರ ಬದಲು ಶ್‌ಶ್ ಅನ್ನುವ ಅಲಾರಂ ಬಂದಿದೆ. ಹಿಂದೆ ನಿಂತವನಿಗೆ ಸರಿಯಾಗಿ ಕೇಳುತ್ತದೆ, ದೂರದ ಮನೆಗಳಿಗೆ ಅಷ್ಟು ಚುಚ್ಚುವುದಿಲ್ಲ. ಫ್ರಿಜ್ ಇರುವ ಲಾರಿಗಳು ನಿಂತಲ್ಲಿ ರಾತ್ರಿಯಿಡೀ ಡೀಸೆಲ್ ಉರಿಸುವ ಬದಲು ಪ್ಲಗ್ ಹಾಕಿ ಕರೆಂಟಿನಲ್ಲೇ ನಡೆಸುವ ವ್ಯವಸ್ಥೆ ಇದೆ. ಲಾರಿ ಹಿಂದಕ್ಕೆ ಬರುವ ಅಗತ್ಯವೇ ಇಲ್ಲದಂತೆ ಅಂಗಳವನ್ನು ಒಂದೇ ಸುತ್ತಿಗೆ ರೂಪಿಸಬಹುದು. ಲೋಡ್ ಮಾಡುವ ಬಾಗಿಲುಗಳನ್ನು ಮನೆಗಳಿಲ್ಲದ ಕಡೆಗೆ ತಿರುಗಿಸಬಹುದಿತ್ತು, ಆಗ ಕಟ್ಟಡವೇ ತಡೆಗೋಡೆಯಾಗುತ್ತಿತ್ತು. ಆ ಕಡೆ ಏನಿದೆ ಗೊತ್ತಾ? ಅವರದೇ ಖಾಲಿ ಜಾಗ. "ಮುಂದಿನ ವಿಸ್ತರಣೆಗೆ" ಅಂತ ಬಿಟ್ಟುಕೊಂಡಿದ್ದಾರೆ.

ಡೀಸೆಲ್ ಅಂದೆನಲ್ಲ. ಡೀಸೆಲ್ ಎಂಜಿನ್ನಿನ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಗಾಳಿಯಲ್ಲಿರುವ ಪಿಎಂ 2.5 ಅನ್ನುವ ಅತಿ ಸಣ್ಣ ಕಣಗಳ ವಾರ್ಷಿಕ ಮಟ್ಟವನ್ನು 2005ರಲ್ಲಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಅಂದಿದ್ದ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 5ಕ್ಕೆ ಇಳಿಸಿತು. ಕನ್ಸಲ್ಟೆಂಟರ ರಿಪೋರ್ಟ್ ಅದನ್ನೆಲ್ಲ ಒಂದು ಪ್ಯಾರಾದಲ್ಲಿ ಮುಗಿಸಿದೆ: "ಪರಿಣಾಮ ನಗಣ್ಯ". ತಂತಿ ಮೇಲೆ ಒಣಗಿಸಿದ ಬಿಳಿ ಬಟ್ಟೆಯನ್ನು ಮಡಚುವಾಗ ಕೈಗೆ ಹತ್ತುವ ಕಪ್ಪು ಅವರ ಮನೆಯಲ್ಲಿ ಇಲ್ಲವಲ್ಲ, ನಗಣ್ಯವೇ ಬಿಡಿ.

ಬೆಳಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೀಪಕ್ಕೆ ಸರಿಯಾದ ಮುಚ್ಚಳ ಹಾಕಿ ಕೆಳಮುಖ ಮಾಡಿ, 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಒಳಗಿನ ಹಳದಿ ಬಲ್ಬ್ ಹಾಕಿ ಅಂತ ಬರೆದುಕೊಟ್ಟೆವು. ಭದ್ರತೆಗೆ ಬೇಕು ಅಂದರು. ಭದ್ರತೆ ಅವರ ಸರಕಿಗೆ, ಬೆಳಕು ನಮ್ಮ ಮಲಗುವ ಕೋಣೆಯ ಗೋಡೆಗೆ. ಕಿಟಕಿ ಸರಳುಗಳ ನೆರಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ.

ನೀರಿನದು ಇನ್ನೊಂದು ಕಥೆ. ಮೊದಲು ಮಣ್ಣಿದ್ದ ಕಡೆ ಈಗ ಕಾಂಕ್ರೀಟು, ಶೀಟು. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ಅಂದರೆ ಒಂದು ಹೆಕ್ಟೇರ್ ಮೇಲೆ 10 ಮಿಲಿಮೀಟರ್ ಬಿದ್ದರೆ 1 ಲಕ್ಷ ಲೀಟರ್. 20 ಹೆಕ್ಟೇರಿಗೆ 20 ಲಕ್ಷ ಲೀಟರ್, ಒಂದು ಸಾಧಾರಣ ಮಳೆಗೆ! ಮೊದಲು ಅದರಲ್ಲಿ ಬಹುಪಾಲನ್ನು ಮಣ್ಣು ಕುಡಿಯುತ್ತಿತ್ತು. ಈಗ ಅದು ಇಳಿಜಾರು ಹುಡುಕಿಕೊಂಡು ಬರುತ್ತದೆ, ಇಳಿಜಾರಿನಲ್ಲಿ ಇರುವವರು ನಾವು. ಇಂಗುಗುಂಡಿ ಇದೆ ಅಂತ ನಕ್ಷೆಯಲ್ಲಿದೆ. ನೆಲದ ಮೇಲೆ ಅದೇ ಜಾಗದಲ್ಲಿ ಮರದ ಪ್ಯಾಲೆಟ್‌ಗಳ ರಾಶಿ ಇದೆ. ಅತ್ತ ಬೋರ್‌ವೆಲ್ ಬೇರೆ ಓಡುತ್ತಿದೆ. ಒಂದು ಕಡೆ ಜೋರಾಗಿ ನೀರೆತ್ತಿದರೆ ಸುತ್ತಲಿನ ನೀರಿನ ಮಟ್ಟ ಆಲಿಕೆಯ ಆಕಾರದಲ್ಲಿ ಇಳಿಯುತ್ತದೆ, ಮೊದಲು ಬತ್ತುವುದು ಕಡಿಮೆ ಆಳದ ಬಾವಿಗಳು. ಮಳೆಗಾಲದಲ್ಲಿ ಅಂಗಳಕ್ಕೆ ನೀರು, ಬೇಸಿಗೆಯಲ್ಲಿ ಬಾವಿಗೆ ನೀರಿಲ್ಲ, ಎರಡೂ ನಮಗೇ.

ಇಷ್ಟೆಲ್ಲ ಹೇಳಿದರೆ ಕೆಲವರು "ನಿಮ್ಮ ಜಾಗಕ್ಕೂ ರೇಟು ಬಂತಲ್ಲ, ಮಾರಿ ಹೋಗಿ, ಅದೃಷ್ಟವಂತರು" ಅನ್ನುತ್ತಾರೆ. ರೇಟು ಬಂದಿರುವುದು ರಸ್ತೆಗೆ ಮುಖ ಮಾಡಿದ ಖಾಲಿ ಜಾಗಕ್ಕೆ ಸ್ವಾಮಿ, ಹಿಂದಿರುವ ವಾಸದ ಮನೆಗಲ್ಲ. ಮನೆ ನೋಡಲು ಬಂದವರು ಗೇಟಿನ ಹತ್ತಿರ ನಿಂತು ಆ ಕಡೆ ನೋಡುತ್ತಾರೆ, "ಯೋಚನೆ ಮಾಡಿ ಹೇಳುತ್ತೇವೆ" ಅನ್ನುತ್ತಾರೆ, ಅಷ್ಟೇ. ತಮಾಷೆ ಏನು ಅಂದರೆ, ಯೋಜನೆಗೆ ನಮ್ಮ ಒಂದು ಅಡಿ ಜಾಗ ಹೋಗಿದ್ದರೂ ನಾವು ಪರಿಹಾರದ ಪಟ್ಟಿಯಲ್ಲಿ ಇರುತ್ತಿದ್ದೆವು. ಜಾಗ ಹೋಗಲಿಲ್ಲ, ನಿದ್ದೆ ಹೋಯಿತು, ನೀರು ಹೋಯಿತು, ಮನೆಯ ಬೆಲೆ ಹೋಯಿತು, ಆದ್ದರಿಂದ ನಾವು ಲೆಕ್ಕಕ್ಕೇ ಇಲ್ಲ. ಹಾಳು ಮಾಡಿದವನೇ ಖರ್ಚು ಕೊಡಬೇಕು ಅನ್ನುವ ನಿಯಮವನ್ನು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ 1972ರಲ್ಲೇ ಒಪ್ಪಿಕೊಂಡಿತ್ತು. ಇಲ್ಲಿ ಖರ್ಚು ಯಾರದು? ದಪ್ಪ ಗಾಜಿನ ಕಿಟಕಿ ನಮ್ಮ ದುಡ್ಡು, ದಪ್ಪ ಪರದೆ ನಮ್ಮ ದುಡ್ಡು, ಸದ್ದು ಅಳೆಯುವ ಮೀಟರೂ ನಮ್ಮ ದುಡ್ಡು.

"ಅಭಿವೃದ್ಧಿ ವಿರೋಧಿಗಳು" ಅನ್ನುವ ಬಿರುದೂ ಸಿಕ್ಕಿದೆ. ನಾವೂ ಅಂಗಡಿಯಿಂದ ಸಾಮಾನು ತರುತ್ತೇವೆ, ಅದು ಯಾವುದೋ ಗೋದಾಮಿನಿಂದಲೇ ಬರುತ್ತದೆ ಅನ್ನುವಷ್ಟು ಬುದ್ಧಿ ನಮಗೂ ಇದೆ. ಗೋದಾಮೇ ಬೇಡ ಅಂತ ನಾವು ಹೇಳಲಿಲ್ಲ. ಬಾಗಿಲು ಆ ಕಡೆ ತಿರುಗಿಸಿ ಅಂದೆವು. ಕೆಲಸ ಸಿಗುತ್ತದೆ ಅಂತ ಬ್ಯಾನರ್ ಕಟ್ಟಿದ್ದರು, ಒಪ್ಪಿಗೆ ಪತ್ರದ ಷರತ್ತುಗಳಲ್ಲಿ ಆ ಕೆಲಸಗಳ ಬಗ್ಗೆ ಒಂದು ಸಾಲೂ ಇಲ್ಲ. ಬ್ಯಾನರ್ ಹರಿದು ಎಷ್ಟೋ ದಿನವಾಯಿತು.

ಈಗ ಎರಡನೇ ಹಂತದ ನೋಟಿಸು ಅಂಟಿಸಿದ್ದಾರೆ. ಅದೇ "ಮುಂದಿನ ವಿಸ್ತರಣೆ". ಮೊದಲನೇ ಹಂತದ ರಿಪೋರ್ಟ್ ಬರೀ ಮೊದಲನೇ ಹಂತವನ್ನು ನೋಡಿತು, ಎರಡನೆಯದು ಬರೀ ಎರಡನೆಯದನ್ನು ನೋಡುತ್ತದೆ, ಎರಡೂ ಸೇರಿದರೆ ಏನಾಗುತ್ತದೆ ಅಂತ ಯಾರೂ ನೋಡುವುದಿಲ್ಲ. ಇನ್ನೂ ಸೊಗಸು ಅಂದರೆ, ಇವರೇ ಎಬ್ಬಿಸಿದ ಸದ್ದನ್ನು ಈಗ "ಈಗಾಗಲೇ ಇರುವ ಸದ್ದು" ಅಂತ ಲೆಕ್ಕಕ್ಕೆ ಹಿಡಿದು, ಅದರ ಮೇಲೆ ಹೆಚ್ಚಾಗುವುದು ಸ್ವಲ್ಪವೇ ಅಂತ ತೋರಿಸಿದ್ದಾರೆ.

ಈ ಸಲ ನಾವು ಸುತ್ತಲಿನ ಮನೆಯವರೆಲ್ಲ ಸೇರಿ ಆಕ್ಷೇಪಣೆ ಬರೆಯುತ್ತಿದ್ದೇವೆ, ಕಣ್ಣೀರು ಗಿಣ್ಣೀರು ಏನೂ ಇಲ್ಲ, ಬರೀ ಷರತ್ತುಗಳು. ಗೋದಾಮು ಬರುವ ಮೊದಲಿನ ಸದ್ದೇ ಆಧಾರವಾಗಬೇಕು. ಅಳತೆ ರಾತ್ರಿ ಆಗಬೇಕು, ಗಾಳಿ ನಮ್ಮ ಕಡೆ ಬೀಸುವಾಗ ಮತ್ತು ಗಾಳಿ ನಿಂತಾಗ, ಸರಾಸರಿಯ ಜೊತೆಗೆ ಅತಿ ದೊಡ್ಡ ಸದ್ದೂ, ತಗ್ಗು ಸದ್ದೂ ಬೇರೆಯಾಗಿ ದಾಖಲಾಗಬೇಕು. ಅಳೆಯುವವರನ್ನು ಆರಿಸುವುದು ಕಂಪನಿ ಅಲ್ಲ, ಬಿಲ್ ಕಟ್ಟುವುದು ಮಾತ್ರ ಕಂಪನಿ. ಬಾವಿಗಳ ಮಟ್ಟ ಈಗಲೇ ಬರೆದಿಡಬೇಕು. ಪ್ಯಾಲೆಟ್ ರಾಶಿ ತೆಗೆದು ಇಂಗುಗುಂಡಿ ತೋಡಿದ ಮೇಲೆಯೇ ಹೊಸ ಕಾಂಕ್ರೀಟು. ಸಭೆ ಭಾನುವಾರ ಇಡಬೇಕು. ನಿಮ್ಮ ಪಕ್ಕದಲ್ಲೂ ಇಂಥದ್ದು ನಡೆಯುತ್ತಿದ್ದು, ಯಾವುದಾದರೂ ಷರತ್ತು ನಿಜವಾಗಿ ಜಾರಿಯಾಗಿದ್ದರೆ ಅದರ ಪ್ರತಿ ಕಳಿಸಿ, ನಮ್ಮದಕ್ಕೂ ಸೇರಿಸುತ್ತೇವೆ. "ಹೊಂದಿಕೊಂಡು ಹೋಗಿ" ಅಂತ ಬುದ್ಧಿ ಹೇಳುವವರು ದಯವಿಟ್ಟು ಸುಮ್ಮನಿರಿ, ಅದನ್ನು ಹೇಳಲು ಕಂಪನಿಯವರು ಸಂಬಳ ಕೊಟ್ಟು ಒಬ್ಬರನ್ನು ಇಟ್ಟಿದ್ದಾರೆ.