ಜನ ಬೇಕಾಗಿದ್ದಾರೆ, ಮನೆ ಕೇಳಬಾರದು

ಆಸ್ಟ್ರೇಲಿಯಾದಲ್ಲಿ ಕ್ವಿಲ್ಪಿ ಎಂಬುದೊಂದು ಊರು. ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ ಹೊರಟು ಸುಮಾರು ಸಾವಿರ ಕಿಲೋಮೀಟರ್ ಕಾರು ಓಡಿಸಿ, ದಾರಿಯಲ್ಲಿ ಕಾಂಗರೂವಿಗೆ ಡಿಕ್ಕಿ ಹೊಡೆಯದೆ ಪಾರಾದರೆ ಸಿಗುತ್ತದೆ. ಬೀದಿಗಳಿಗೆ ಹಕ್ಕಿಗಳ ಹೆಸರಿಟ್ಟಿದ್ದಾರೆ. ಮುಖ್ಯಬೀದಿ ಬ್ರೋಲ್ಗಾ ಎಂಬ ಕೊಕ್ಕರೆಯದ್ದು. ಅಲ್ಲಿನ ಕ್ಯಾಥೊಲಿಕ್ ಚರ್ಚಿನ ಪೂಜಾಪೀಠಕ್ಕೆ ಆ ಸೀಮೆಯಲ್ಲಿ ಸಿಗುವ ಓಪಲ್ ಕಲ್ಲುಗಳನ್ನು ಕೂರಿಸಿದ್ದಾರೆ. ದೇವರ ವಸತಿಗೆ ಕೊರತೆಯಿಲ್ಲ. ಕೊರತೆಯಿರುವುದು ನರ್ಸಮ್ಮನ ವಸತಿಗೆ, ಮೇಷ್ಟರ ವಸತಿಗೆ, ಮೆಕ್ಯಾನಿಕ್‌ನ ವಸತಿಗೆ.

ಶೈರ್ ಎಂದರೆ ಅಲ್ಲಿನ ಸ್ಥಳೀಯ ಆಡಳಿತದ ಒಂದು ಘಟಕ. ಕ್ವಿಲ್ಪಿ ಶೈರ್‌ನ ವಿಸ್ತೀರ್ಣ ಸುಮಾರು 67 ಸಾವಿರ ಚದರ ಕಿಲೋಮೀಟರ್. ಕರ್ನಾಟಕವನ್ನು ಮೂರು ಪಾಲು ಮಾಡಿದರೆ ಒಂದು ಪಾಲಿಗೂ ತುಸು ಹೆಚ್ಚೇ. ಅಷ್ಟು ನೆಲದ ಮೇಲೆ ವಾಸಿಸುವ ಜನ ಸಾವಿರವನ್ನೂ ಮುಟ್ಟುವುದಿಲ್ಲ. ಇಂಥ ಕಡೆ ನಿಂತುಕೊಂಡು ‘ಇರಲು ಜಾಗವಿಲ್ಲ’ ಎಂದು ಹೇಳುವುದಕ್ಕೆ ಅಸಾಧಾರಣ ಪ್ರತಿಭೆ ಬೇಕು. ಆಸ್ಟ್ರೇಲಿಯಾದ ವಸತಿ ಮಾರುಕಟ್ಟೆಗೆ ಆ ಪ್ರತಿಭೆ ಧಾರಾಳವಾಗಿದೆ.

2021ರಲ್ಲಿ ಊರಿನ ಕೌನ್ಸಿಲ್ ಒಂದು ಉಪಾಯ ಹೂಡಿತು. ನಿವೇಶನ ಕೊಂಡು ಮನೆ ಕಟ್ಟಿ ಕನಿಷ್ಠ ಆರು ತಿಂಗಳು ಅಲ್ಲಿ ವಾಸಿಸುವವರಿಗೆ 12,500 ಡಾಲರ್ ಸಹಾಯಧನ. ನಿವೇಶನದ ಬೆಲೆ? ಹೆಚ್ಚುಕಡಿಮೆ ಅದೇ 12,500 ಡಾಲರ್. ‘ಪುಕ್ಕಟೆ ಜಮೀನು’ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಪುಕ್ಕಟೆಯಲ್ಲ, ಕೊಂಡ ಮೇಲೆ ದುಡ್ಡು ಹಿಂತಿರುಗಿಸುತ್ತೇವೆ ಅಷ್ಟೇ ಎಂಬುದು ಕೌನ್ಸಿಲ್‌ನ ಲೆಕ್ಕ. ಅಳಿಯ ಅಲ್ಲ, ಮಗಳ ಗಂಡ. ಎರಡು ವಾರದೊಳಗೆ ಇನ್ನೂರೈವತ್ತಕ್ಕೂ ಹೆಚ್ಚು ವಿಚಾರಣೆಗಳು ಬಂದವು, ಸಮುದ್ರದಾಚೆಯಿಂದಲೂ ಬಂದವು. 2021ರ ಜನಗಣತಿಯಲ್ಲಿ 530 ಜನರಿದ್ದ ಊರು ಅದು. ವಿಚಾರಿಸಿದವರೆಲ್ಲ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದಿಳಿದಿದ್ದರೆ ಜನಸಂಖ್ಯೆ ಹದಿನೈದು ದಿನಗಳಲ್ಲಿ ದುಪ್ಪಟ್ಟಾಗುತ್ತಿತ್ತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಕೆಲಸವಿಲ್ಲದೆ ಜನ ಓಡಿಹೋದ ಊರನ್ನು ತುಂಬಿಸಲು ಈ ಯೋಜನೆ ಬಂದದ್ದಲ್ಲ. ಕೆಲಸ ಇತ್ತು. ಕೆಲಸಕ್ಕೆ ಜನ ಬರಲು ಸಿದ್ಧರಿದ್ದರು. ಬಂದವರು ರಾತ್ರಿ ಎಲ್ಲಿ ಮಲಗಬೇಕು ಎಂಬುದೊಂದೇ ಪ್ರಶ್ನೆಗೆ ಉತ್ತರವಿರಲಿಲ್ಲ.

ಹಾಗಾದರೆ ಮನೆ ಕಟ್ಟಿಸಿಕೊಳ್ಳಬಹುದಲ್ಲ ಎನ್ನುತ್ತೀರಿ. ಬನ್ನಿ, ಇಂಥದೇ ಒಂದು ಊರಿಗೆ ಹೊಸದಾಗಿ ಬಂದ ನರ್ಸಮ್ಮನನ್ನು ಕಲ್ಪಿಸಿಕೊಂಡು ಕಟ್ಟಿಸಿಯೇ ಬಿಡೋಣ. ಇಟ್ಟಿಗೆ, ಮರ, ತಗಡು, ಕೊಳಾಯಿಯವನು, ವಿದ್ಯುತ್ತಿನವನು ಎಲ್ಲವೂ ನೂರಾರು ಕಿಲೋಮೀಟರ್ ದೂರದಿಂದ ಬರಬೇಕು. ಖರ್ಚು ಐದು ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ಆಕೆ ಸಾಲಕ್ಕೆ ಅರ್ಜಿ ಹಾಕುತ್ತಾಳೆ. ಬ್ಯಾಂಕು ಮೌಲ್ಯಮಾಪಕನನ್ನು ಕಳುಹಿಸುತ್ತದೆ. ಆತ ಬಂದವನೇ ಇದೇ ಊರಿನಲ್ಲಿ ಇತ್ತೀಚೆಗೆ ಮಾರಾಟವಾದ ಇಂಥದೇ ಮನೆ ಯಾವುದು ಎಂದು ಹುಡುಕುತ್ತಾನೆ. ಇತ್ತೀಚೆಗೆ ಮಾರಾಟವಾದದ್ದು ಒಂದೇ. ಅದರ ಒಡತಿ ತೊಂಬತ್ತು ದಾಟಿ ತೀರಿಕೊಂಡಳು. ಮರದ ಗೂಟಗಳ ಮೇಲೆ ನಿಂತ, ಕಲ್ನಾರು ಹಾಳೆಯ ಗೋಡೆಯ, ತಗಡು ಹೊದ್ದ ಮನೆ. ಅಡುಗೆಮನೆಯ ನೆಲ ಎಷ್ಟು ವಾಲಿದೆಯೆಂದರೆ ಕೈಜಾರಿ ಬಿದ್ದ ಈರುಳ್ಳಿ ತಾನಾಗಿಯೇ ಉರುಳಿಕೊಂಡು ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅದು ಒಂದೂವರೆ ಲಕ್ಷಕ್ಕೆ ಹೋಗಿದೆ. ಆದ್ದರಿಂದ, ಹೊಸದು ಎಂಬ ಕಾರಣಕ್ಕೆ ಮೌಲ್ಯಮಾಪಕ ಉದಾರ ಮನಸ್ಸು ಮಾಡಿದರೂ, ಇನ್ನೂ ಕಟ್ಟದ ಮನೆಯ ಬೆಲೆ ಎರಡೂವರೆ ಲಕ್ಷ. ಬ್ಯಾಂಕು ಸಾಲ ಕೊಡುವುದು ಬೆಲೆಯ ಮೇಲೆ, ಖರ್ಚಿನ ಮೇಲಲ್ಲ. ಉಳಿದ ಹಣವನ್ನು ನರ್ಸಮ್ಮ ಕೈಯಿಂದ ಹಾಕಬೇಕು. ಕೈಯಲ್ಲಿ ಅಷ್ಟು ಹಣವಿದ್ದವಳು ಈ ಬಿಸಿಲಿಗೆ ಯಾಕೆ ಬರುತ್ತಿದ್ದಳು?

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬುದು ಇದಕ್ಕೇ. ಕೌನ್ಸಿಲ್ ನೆಲ ಕೊಟ್ಟಿತು, ಬ್ಯಾಂಕು ಗೋಡೆಗೆ ಅಡ್ಡ ನಿಂತಿತು. ಕೆಲವು ಬ್ಯಾಂಕುಗಳಂತೂ ನಾಲ್ಕಂಕಿಯ ಪಿನ್‌ಕೋಡ್ ನೋಡಿಯೇ ಹುಬ್ಬು ಗಂಟಿಕ್ಕುತ್ತವೆ: ಊರು ಚಿಕ್ಕದು, ನಿಮ್ಮ ಪಾಲಿನ ಹಣ ಜಾಸ್ತಿ ತನ್ನಿ. ಹೊಸ ಮನೆ ಬರದೆ ಬೆಲೆ ಏರದು, ಬೆಲೆ ಏರದೆ ಸಾಲ ಸಿಗದು, ಸಾಲ ಸಿಗದೆ ಹೊಸ ಮನೆ ಬಾರದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನಮ್ಮವರು ಯಾವ ಅರ್ಥಶಾಸ್ತ್ರದ ಪದವಿಯೂ ಇಲ್ಲದೆ ಹೇಳಿಬಿಟ್ಟಿದ್ದರು. ಇಷ್ಟೆಲ್ಲ ಹೇಳುವ ಬ್ಯಾಂಕಿನ ಶಾಖೆ ಆ ಊರಿನಲ್ಲಿ ಇದೆಯೇ ಎಂದು ಕೇಳಬೇಡಿ. ಹಳ್ಳಿಗಾಡಿನ ಶಾಖೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡದ್ದರ ಮೇಲೆ ಸೆನೆಟ್ ಸಮಿತಿಯೇ ವಿಚಾರಣೆ ನಡೆಸಿ 2024ರಲ್ಲಿ ವರದಿ ಕೊಟ್ಟಿದೆ. ಊರಿನ ಮೇಲೆ ನಂಬಿಕೆಯಿಲ್ಲ ಎಂದು ಮೊದಲು ತಾನು ಎದ್ದುಹೋಗುವುದು, ಆಮೇಲೆ ಊರಿನಲ್ಲಿ ಬ್ಯಾಂಕೂ ಇಲ್ಲವಲ್ಲ ಎಂದು ಊರಿನ ಅಂಕ ಕಳೆಯುವುದು!

ಇನ್ನು ಖಾಲಿ ಮನೆಗಳ ವಿಚಾರ. 2021ರ ಆಗಸ್ಟ್ 10ರ ರಾತ್ರಿ, ಅಂದರೆ ಜನಗಣತಿಯ ರಾತ್ರಿ, ಆ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಯಾರೂ ಇರಲಿಲ್ಲ. ಸರಿಸುಮಾರು ಹತ್ತಕ್ಕೊಂದು. ಕೆಲವರು ಪ್ರವಾಸ ಹೋಗಿದ್ದರು, ಕೆಲವು ರಜೆಯ ಮನೆಗಳು, ಅದೆಲ್ಲ ಸರಿ. ಹಳ್ಳಿಗಾಡಿನ ಖಾಲಿ ಮನೆಯ ಕಥೆ ಬೇರೆ. ಹೊಲಗಳು ಒಂದಕ್ಕೊಂದು ಕೂಡಿ ದೊಡ್ಡದಾಗುತ್ತ ಹೋದಂತೆ, ನಾಲ್ಕು ಕುಟುಂಬಗಳು ಉಳುತ್ತಿದ್ದ ನೆಲವನ್ನು ಒಂದೇ ಕುಟುಂಬ ದೊಡ್ಡ ಯಂತ್ರ ತಂದು ಉಳುತ್ತದೆ. ಉಳಿದ ಮೂರು ಮನೆಗಳಲ್ಲಿ ಇಲಿ ಹೆಗ್ಗಣಗಳು ಬಾಡಿಗೆಯಿಲ್ಲದೆ ಸಂಸಾರ ಹೂಡುತ್ತವೆ. ನ್ಯೂ ಸೌತ್ ವೇಲ್ಸ್‌ನ ಕಮ್ನಾಕ್ ಎಂಬ ಹಳ್ಳಿಯವರು 2008ರಲ್ಲಿ ಇಂಥ ತೋಟದ ಮನೆಗಳನ್ನೇ ವಾರಕ್ಕೆ ಒಂದು ಡಾಲರ್ ಬಾಡಿಗೆಗೆ ಕೊಡುತ್ತೇವೆ ಎಂದು ಸಾರಿದರು. ಷರತ್ತು ಇಷ್ಟೇ: ಮನೆಯ ರಿಪೇರಿ ನೀವೇ ಮಾಡಿಕೊಳ್ಳಿ, ಮಕ್ಕಳನ್ನು ಕರೆತನ್ನಿ, ಊರ ಶಾಲೆಗೆ ಸೇರಿಸಿ. ಶಾಲೆಯಲ್ಲಿ ಮಕ್ಕಳ ತಲೆಯೆಣಿಕೆ ಕುಸಿಯುತ್ತಿತ್ತು. ಬಾಡಿಗೆದಾರನಿಗೆ ಮಕ್ಕಳಿವೆಯೆಂದರೆ ಮುಖ ಸಿಂಡರಿಸುವ ಮಾಲೀಕರನ್ನು ಎಲ್ಲ ದೇಶಗಳಲ್ಲೂ ಕಂಡಿದ್ದೇವೆ. ಮಕ್ಕಳಿಲ್ಲದಿದ್ದರೆ ಮನೆಯಿಲ್ಲ ಎಂದ ಮಾಲೀಕರು ಅಪರೂಪ.

ಊರಿಗೆ ಡಾಕ್ಟರನ್ನು ಕರೆತರುವ ಆಟ ಇನ್ನೂ ಸೊಗಸು. ಕ್ವೀನ್ಸ್‌ಲೆಂಡಿನ ಜೂಲಿಯಾ ಕ್ರೀಕ್ ಐದು ನೂರರ ಆಸುಪಾಸಿನ ಜನರ ಊರು. 2022ರಲ್ಲಿ ಅಲ್ಲಿಗೆ ಬರುವ ವೈದ್ಯರಿಗೆ ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು ಡಾಲರ್, ಜೊತೆಗೆ ಬಾಡಿಗೆಯಿಲ್ಲದ ಮನೆ ಎಂದು ಜಾಹೀರಾತು ಬಂತು. 2025ರಲ್ಲಿ ಮತ್ತೆ ಹುಡುಕಿದಾಗ ಮೊತ್ತ 6 ಲಕ್ಷ 80 ಸಾವಿರದವರೆಗೆ ಏರಿತ್ತು. ಪಶ್ಚಿಮ ಆಸ್ಟ್ರೇಲಿಯಾದ ಕ್ವೇರಡಿಂಗ್ ಹತ್ತು ಲಕ್ಷದವರೆಗೂ ಹೋಯಿತು, ಅಲ್ಲಿಯೂ ಮನೆ ಉಚಿತ. ಈ ವ್ಯವಸ್ಥೆಯ ಸೊಬಗನ್ನು ಗಮನಿಸಿ. ವರ್ಷಕ್ಕೆ ಹತ್ತು ಲಕ್ಷ ದುಡಿಯುವವರಿಗೆ ಮನೆ ಉಚಿತ. ಅದೇ ಆಸ್ಪತ್ರೆಯ ನೆಲ ಒರೆಸುವವರು ಹಿತ್ತಲಲ್ಲಿ ನಿಲ್ಲಿಸಿದ ಕಾರವಾನಿಗೂ ಬಾಡಿಗೆ ತೆರಬೇಕು.

ಅಂಕಿಅಂಶದವರ ಬಳಿಗೆ ಹೋದರೆ ಸಮಾಧಾನ ಸಿಗಬಹುದೆಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಅಂಕಿಅಂಶ ಬ್ಯೂರೊ ಪ್ರತಿ ಚಿಕ್ಕ ಹಳ್ಳಿಗೂ ಒಂದು ಪುಟ ಮೀಸಲಿಟ್ಟು ವಯಸ್ಸು, ಆದಾಯ, ಬಾಡಿಗೆ, ಕಾರು, ಪೂರ್ವಜರ ಮೂಲ ಎಲ್ಲವನ್ನೂ ಶೇಕಡಾವಾರು ಬರೆದಿಡುತ್ತದೆ. ಕೆಳಗೆ ಒಂದು ಸೂಚನೆಯೂ ಇರುತ್ತದೆ: ಜನರ ಗೋಪ್ಯತೆ ಕಾಪಾಡಲು ಎಲ್ಲ ಅಂಕಿಗಳನ್ನೂ ಅಲ್ಲಲ್ಲಿ ಸ್ವಲ್ಪ ಏರುಪೇರು ಮಾಡಲಾಗಿದೆ, ಕೂಡಿದರೆ ಮೊತ್ತ ತಾಳೆಯಾಗದಿರಬಹುದು. ಸಿಡ್ನಿಯಲ್ಲಿ ಮೂವರು ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಅರವತ್ತು ಜನರ ಹಳ್ಳಿಯಲ್ಲಿ ಮೂವರೆಂದರೆ ಒಂದಿಡೀ ಸಂಸಾರ. ಗಂಡಸರನ್ನೂ ಹೆಂಗಸರನ್ನೂ ಕೂಡಿದರೆ ಊರಿನ ಜನಸಂಖ್ಯೆ ಬರುವುದಿಲ್ಲ. ಯಾರೋ ಒಬ್ಬರು ಎರಡೂ ಅಲ್ಲದೆ ಸಂಜೆ ಪಬ್ಬಿನಲ್ಲಿ ಕುಳಿತಿರಬೇಕು. ಅದೂ ಯಾವ ಗೋಪ್ಯತೆ ಸ್ವಾಮಿ? ಯಾರ ಮನೆಯಲ್ಲಿ ರಾತ್ರಿ ಎಷ್ಟು ಹೊತ್ತಿಗೆ ದೀಪ ಆರಿತು ಎಂಬುದು ಅಂಗಡಿಯವಳಿಗೆ ಬೆಳಿಗ್ಗೆ ಏಳಕ್ಕೇ ಗೊತ್ತಿರುತ್ತದೆ.

ದೇಶದ ಸರಾಸರಿಯಂತೆ ಒಂದು ಮನೆಗೆ ಎರಡೂವರೆ ಜನ, 1.8 ವಾಹನ. ಆ ಅರ್ಧ ಜನ ಬಹುಶಃ ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ ಇರುವ ಗಂಡ. ದೇಶದ ವಯಸ್ಸಿನ ಮಧ್ಯಾಂಕ, ಅಂದರೆ ಎಲ್ಲರನ್ನೂ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ವಯಸ್ಸು, 38. ಇಂಥ ಹಳ್ಳಿಗಳಲ್ಲಿ ಅದು ಐವತ್ತು ದಾಟಿರುವುದು ಮಾಮೂಲು. ಹದಿನೆಂಟು ತುಂಬಿದ ಹುಡುಗ ಹುಡುಗಿಯರು ಓದಲು ಪಟ್ಟಣಕ್ಕೆ ಹೋಗುತ್ತಾರೆ, ಅರವತ್ತು ತುಂಬಿದವರು ಪಟ್ಟಣದ ಮನೆ ಮಾರಿ ನೆಮ್ಮದಿ ಹುಡುಕಿಕೊಂಡು ಬರುತ್ತಾರೆ. ಬಂದು ವರ್ಷ ಕಳೆದ ಮೇಲೆ, ಹತ್ತಿರದಲ್ಲಿ ಹೃದಯ ತಜ್ಞರು ಯಾರಿದ್ದಾರೆ ಎಂದು ವಿಚಾರಿಸುತ್ತಾರೆ. ಹತ್ತಿರ ಎಂದರೆ ಮುನ್ನೂರು ಕಿಲೋಮೀಟರ್.

ಮಧ್ಯಾಂಕದ ನಿಜವಾದ ಕುಣಿತ ನೋಡಬೇಕಾದದ್ದು ಮನೆಯ ಬೆಲೆಯಲ್ಲಿ. ಒಂದು ಹಳ್ಳಿಯಲ್ಲಿ ವರ್ಷಕ್ಕೆ ಮೂರು ಮನೆ ಮಾರಾಟವಾದವು ಎನ್ನೋಣ: 1.2 ಲಕ್ಷಕ್ಕೆ, 1.5 ಲಕ್ಷಕ್ಕೆ, ಸುತ್ತ ನೂರು ಎಕರೆ ಇದ್ದದ್ದು 4 ಲಕ್ಷಕ್ಕೆ. ನಡುವಿನದು 1.5. ಮರುವರ್ಷವೂ ಮೂರು: 1.3, 3.6, 4. ನಡುವಿನದು 3.6. ಊರಿನಲ್ಲಿ ಏನೂ ಆಗಿಲ್ಲ. ಸಣ್ಣ ಮನೆ ಒಂದು ಕಡಿಮೆ, ದೊಡ್ಡದು ಒಂದು ಹೆಚ್ಚು ಮಾರಾಟವಾಯಿತು. ಆದರೆ ಪತ್ರಿಕೆಯ ಆಸ್ತಿ ಪುರವಣಿಗೆ ಇದು ಶೇಕಡ 140ರ ಜಿಗಿತ. ‘ಈ ವರ್ಷ ಗಮನಿಸಬೇಕಾದ ಹತ್ತು ಊರುಗಳು’ ಪಟ್ಟಿಯಲ್ಲಿ ಮೊದಲ ಸ್ಥಾನ ಖಾಯಂ. ಪಟ್ಟಿ ನೋಡಿದ ನಗರದ ಹೂಡಿಕೆದಾರ, ಊರು ಭೂಪಟದಲ್ಲಿ ಎಲ್ಲಿದೆಯೆಂದೂ ನೋಡದೆ, ಈರುಳ್ಳಿ ಉರುಳುವ ಆ ಮನೆಯನ್ನು ಫೋನಿನಲ್ಲಿಯೇ ಕೊಳ್ಳುತ್ತಾನೆ. ಕ್ವೀನ್ಸ್‌ಲೆಂಡಿನ ಕಲ್ಲಿದ್ದಲು ಊರು ಮೊರಾನ್ಬಾದಲ್ಲಿ ಈ ಆಟದ ಇನ್ನೊಂದು ತುದಿಯನ್ನು ಕಂಡದ್ದಾಗಿದೆ. 2012ರ ಸುಮಾರಿಗೆ ಗಣಿಯ ಉಬ್ಬರದಲ್ಲಿ ಅಲ್ಲಿನ ಸಾಧಾರಣ ಮನೆಗಳು ಮಹಾನಗರದ ಬೆಲೆಗೆ ಹೋದವು. ಕೆಲವೇ ವರ್ಷಗಳಲ್ಲಿ ಬೆಲೆ ಮೂರರಲ್ಲಿ ಒಂದು ಪಾಲಿಗೂ ಕೆಳಗಿಳಿಯಿತು. ಮನೆ ಅದೇ, ತಗಡು ಅದೇ.

ಜನ ಬಂದು ನಿಂತ ಊರುಗಳೂ ಇಲ್ಲದಿಲ್ಲ. ವಿಕ್ಟೋರಿಯಾದ ನಿಲ್ ಎಂಬಲ್ಲಿ 2010ರಿಂದೀಚೆಗೆ ಬರ್ಮಾದ ಕರೆನ್ ನಿರಾಶ್ರಿತರು ಬಾತುಕೋಳಿ ಸಂಸ್ಕರಣೆಯ ಕೆಲಸಕ್ಕೆ ಬಂದು ನೆಲೆಸಿದರು. ಅದೇ ರಾಜ್ಯದ ಪಿರಮಿಡ್ ಹಿಲ್‌ಗೆ 2008ರಿಂದ ಫಿಲಿಪ್ಪೀನ್ಸ್‌ನವರು ಹಂದಿ ಸಾಕಣೆಯ ಕೆಲಸಕ್ಕೆ ಬರತೊಡಗಿದರು. ಈಗ ಐದಾರು ನೂರು ಜನರ ಆ ಊರಿನಲ್ಲಿ ಅವರದು ದೊಡ್ಡ ಪಾಲು. ಯಾವ ಪುರವಣಿಯ ಯಾವ ಪಟ್ಟಿಯೂ ಅವರನ್ನು ಕರೆದದ್ದಲ್ಲ.

ಸರ್ಕಾರವೂ ಸುಮ್ಮನೆ ಕುಳಿತಿಲ್ಲ. ಹಳ್ಳಿಗೆ ಜನ ಕಳುಹಿಸಲೆಂದೇ 2019ರ ನವೆಂಬರ್‌ನಲ್ಲಿ 491 ಎಂಬ ವೀಸಾ ತಂದಿತು. ರಾಜ್ಯ ಸರ್ಕಾರದ ನಾಮನಿರ್ದೇಶನ ಸಿಕ್ಕರೆ ವೀಸಾಕ್ಕೆ ಆರಿಸುವ ಅಂಕಗಳ ಲೆಕ್ಕದಲ್ಲಿ 15 ಅಂಕ ಹೆಚ್ಚು. ‘ಪ್ರಾದೇಶಿಕ’ ಆಸ್ಟ್ರೇಲಿಯಾದಲ್ಲಿ ಮೂರು ವರ್ಷ ಇದ್ದು ದುಡಿದರೆ ಕಾಯಂ ವೀಸಾದ ದಾರಿ. ಕನ್ನಡದ ಎಂಜಿನಿಯರುಗಳಿಗೆ ಈ ಸಂಖ್ಯೆ ಬಾಯಿಪಾಠ. ದಾವಣಗೆರೆಯ ಹುಡುಗನೊಬ್ಬ ನಿಯಮದ ಆಶಯವನ್ನು ಅಕ್ಷರಶಃ ನಂಬಿ ಐದು ನೂರು ಜನರ ಊರಿಗೆ ಹೋದನೆನ್ನಿ. ಕೆಲಸ ಸಿಕ್ಕಿತು. ಬಾಡಿಗೆ ಮನೆ ಇಲ್ಲ. ಎದುರಿಗೇ ಒಂದು ಮನೆ ಖಾಲಿ ಬಿದ್ದಿದೆ, ಕೊಳ್ಳೋಣವೆಂದರೆ ಅವನದು ತಾತ್ಕಾಲಿಕ ವೀಸಾ; ತಾತ್ಕಾಲಿಕ ನಿವಾಸಿಗಳು ಹಳೆಯ ಮನೆ ಕೊಳ್ಳಕೂಡದು ಎಂದು 2025ರ ಏಪ್ರಿಲ್ 1ರಿಂದ ಎರಡು ವರ್ಷಕ್ಕೆಂದು ನಿಷೇಧ ಬಂದಿದೆ. ಸಿಡ್ನಿಯ ಬೆಲೆ ಇಳಿಸಲೆಂದು ಹಾಕಿದ ಬೀಗ ಹೆಗ್ಗಣಗಳ ಮನೆಗೂ ಬಿತ್ತು. ಹೊಸದಾಗಿ ಕಟ್ಟಿಸಬಹುದು, ಅಡ್ಡಿಯಿಲ್ಲ. ವಿದೇಶಿ ಹೂಡಿಕೆಗೆ ಅನುಮತಿ ಕೇಳಿ, ಅರ್ಜಿಯ ಶುಲ್ಕ ಕಟ್ಟಿ, ಬ್ಯಾಂಕಿಗೆ ಹೋಗಬೇಕು. ಬ್ಯಾಂಕಿನಲ್ಲಿ ಏನಾಗುತ್ತದೆ ಎಂಬುದನ್ನು ನರ್ಸಮ್ಮ ಅವನಿಗೆ ಹೇಳುತ್ತಾಳೆ.

ಅವನು ಗಂಟುಮೂಟೆ ಕಟ್ಟಿ ಪರ್ತ್‌ಗೆ ಹೊರಡುತ್ತಾನೆ. ನಿಯಮ ಮುರಿದನೆಂದು ಬೇಸರಪಡಬೇಡಿ. 491ರ ಲೆಕ್ಕದಲ್ಲಿ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಉಳಿದದ್ದೆಲ್ಲ ‘ಪ್ರಾದೇಶಿಕ’ವೇ. ಇಪ್ಪತ್ತು ಲಕ್ಷ ದಾಟಿದ ಜನ, ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ನದಿಯ ದಡದ ಕ್ಯಾಸಿನೊ ಎಲ್ಲವೂ ಇರುವ ಪರ್ತ್ ಕೂಡ ಅದರೊಳಗೇ ಬರುತ್ತದೆ. ದೇಶದ ರಾಜಧಾನಿ ಕ್ಯಾನ್‌ಬೆರಾವೂ ಬರುತ್ತದೆ. ಮೂರು ವರ್ಷದ ನಂತರ ಕಾಯಂ ವೀಸಾದ ಅರ್ಜಿಯಲ್ಲಿ, ಪ್ರಾದೇಶಿಕ ಪ್ರದೇಶದಲ್ಲಿ ವಾಸವಿದ್ದುದಕ್ಕೆ ಆಧಾರವಾಗಿ, ಅವನು ಹದಿನಾಲ್ಕನೆಯ ಮಹಡಿಯ ಫ್ಲ್ಯಾಟಿನ ವಿಳಾಸ ಬರೆಯುತ್ತಾನೆ. ಕಚೇರಿಯಲ್ಲಿ ಯಾರೂ ನಗುವುದಿಲ್ಲ.