ಚಿಗರಿ ಪಥ ಚಿಗರಿಗೇ ಇರಲೋ, ಎಲ್ಲರಿಗೂ ಬಿಡಲೋ?

ಹುಬ್ಬಳ್ಳಿ–ಧಾರವಾಡದ ನಡುವಿನ ಸುಮಾರು 22 ಕಿ.ಮೀ. ದಾರಿಯ ಬಹುಭಾಗದಲ್ಲಿ ರಸ್ತೆಯ ನಟ್ಟನಡುವಿನ ಜಾಗ ಚಿಗರಿ ಎಂಬ ಸರ್ಕಾರಿ ಎಸಿ ಬಸ್ಸಿಗೆಂದೇ ಮೀಸಲು. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕ ಓಡಾಟ ಶುರುವಾಯಿತು. 2020ರ ಫೆಬ್ರುವರಿಯಲ್ಲಿ ಉದ್ಘಾಟನೆಯೂ ಆಯಿತು. ಈ ಪಥಕ್ಕೆ ಬೇರೆ ವಾಹನಗಳನ್ನೂ ಬಿಡಬೇಕಾ ಅನ್ನುವ ಜಗಳ ಮಾತ್ರ ನಿಂತಿಲ್ಲ. ಇಲ್ಲಿ ಇಬ್ಬರ ಮಾತಿದೆ.

ಪರ: ಖಾಲಿ ಕಾಣಲೇಬೇಕು

ಕಾರಿನಲ್ಲಿ ಕೂತವರಿಗೆ ಪಕ್ಕದ ಪಥ ಯಾವಾಗಲೂ ಖಾಲಿ ಕಾಣುತ್ತದೆ. ಅಲ್ಲಿ ಬಸ್ಸು ಸಾಲುಗಟ್ಟಿ ನಿಂತಿದ್ದರೆ ಪಥ ಕೆಟ್ಟಿದೆ ಅಂತಲೇ ಲೆಕ್ಕ. ಒಂದು ಬಸ್ಸಿನ ಅರವತ್ತು ಜನ ಕಾರು ತೆಗೆದರೆ, ಕಾರಿಗೆ ಇಬ್ಬರಂತೆ ಹಿಡಿದರೂ ಮೂವತ್ತು ಕಾರು. ಉಣಕಲ್ ಕೆರೆಯ ಪಕ್ಕ ಅವನ್ನು ಒಂದರ ಹಿಂದೊಂದು ನಿಲ್ಲಿಸಿ ನೋಡಿ. ಬಸ್ಸು ಅಷ್ಟರಲ್ಲಿ ಮುಂದಿನ ನಿಲ್ದಾಣ ಮುಟ್ಟಿರುತ್ತದೆ.

ನಾನು ದಿನಾ ಓಡಾಡುವವನು. ಬಸ್ಸಿನ ನೆಲ ಮತ್ತು ನಿಲ್ದಾಣದ ನೆಲ ಒಂದೇ ಮಟ್ಟ. ಮೊಣಕಾಲು ನೋವಿನ ಹಿರಿಯರೊಬ್ಬರು ಕೋಲೂರಿಕೊಂಡು, ಮನೆಯ ಹೊಸ್ತಿಲು ದಾಟಿದಷ್ಟೇ ಸಲೀಸಾಗಿ ಒಳಗೆ ಬರುತ್ತಾರೆ. ಹಳೇ ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಯಾರಾದರೂ ಆತು ಹಿಡಿಯಬೇಕಿತ್ತು. ಎಸಿಗಿಂತ ನನಗೆ ಇದೇ ದೊಡ್ಡದು.

ದಿಲ್ಲಿಯಲ್ಲೂ 2008ರಲ್ಲಿ ಇಂಥ ಪಥ ಬಂತು. ಕಾರಿನವರ ಕೂಗಿಗೆ 2016ರಲ್ಲಿ ಕಿತ್ತುಹಾಕಿದರು. ಅಷ್ಟಕ್ಕೇ ದಿಲ್ಲಿಯ ಜಾಮ್ ಕರಗಿತಾ? 2009ರಲ್ಲಿ ಶುರುವಾದ ಅಹಮದಾಬಾದಿನ ಇಂಥದೇ ಬಸ್ ಸೇವೆ ‘ಜನಮಾರ್ಗ’ ಇವತ್ತಿಗೂ ಓಡುತ್ತಿದೆ.

ಪಥವನ್ನು ಎಲ್ಲರಿಗೂ ಬಿಟ್ಟರೆ ಮೊದಲೊಂದು ತಿಂಗಳು ಹಾಯೆನಿಸೀತು. ಆಮೇಲೆ ‘ರೋಡ್ ಖಾಲಿ ಐತಿ’ ಅಂತ ಇನ್ನಷ್ಟು ಜನ ಗಾಡಿ ತೆಗೆಯುತ್ತಾರೆ. ಆಗ ಬಸ್ಸೂ ಸಿಕ್ಕಿಹಾಕಿಕೊಳ್ಳುತ್ತದೆ, ಕಾರೂ. ನಾವು ಕೇಳಬೇಕಾದದ್ದು ಬೇರೆ: ಸಿಗ್ನಲ್‌ನಲ್ಲಿ ಬಸ್ಸಿಗೆ ಮೊದಲು ಹಸಿರು ಕೊಡಿ, ಕೆಟ್ಟ ಬಸ್ಸನ್ನು ಬೇಗ ರಿಪೇರಿ ಮಾಡಿ.

ವಿರೋಧ: ಒಂದೇ ಬಸ್ಸಿಗೆ ಯಾಕೆ?

ನಾನು ಕಾರಿನವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಸ್ಸಿಗೆ ಜಾಗ ಬೇಡ ಅನ್ನುವವನೂ ಅಲ್ಲ. ಆದರೆ ಈ ಪಥ ಕಟ್ಟಿದ್ದು ಬಸ್ಸಿಗಲ್ಲ, ಚಿಗರಿಗೆ. ಹಳ್ಳಿಗಳಿಂದ ಬರುವ ಕೆಂಪು ಬಸ್ಸು ಬಸ್ಸಲ್ಲವಾ? ಅದರಲ್ಲಿ ಕಿಕ್ಕಿರಿದು ನಿಂತವರು ಪ್ರಯಾಣಿಕರಲ್ಲವಾ? ಅರವತ್ತು ಜನರ ಲೆಕ್ಕ ಅದಕ್ಕೂ ಅನ್ವಯಿಸಬೇಕಲ್ಲ.

ಇದಕ್ಕೆ ಹಸಿರು ಸಾರಿಗೆ ಅಂತ ಹೆಸರು. ರಸ್ತೆ ಅಗಲ ಮಾಡುವಾಗ ಮೊದಲು ಹೋದದ್ದು ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಮರಗಳು. ಜೋರು ಮಳೆ ಬಂದರೆ ಧಾರವಾಡದ ಟೋಲ್ ನಾಕಾದಲ್ಲಿ ನೀರು ನಿಲ್ಲುವುದು ಊರಿಗೇ ಗೊತ್ತು. ನಿಲ್ದಾಣವಿರುವುದು ರಸ್ತೆಯ ನಡುವೆ, ಹಾಗಾಗಿ ಬಸ್ಸು ಹತ್ತಲೂ ಇಳಿದ ಮೇಲೂ ಅರ್ಧ ರಸ್ತೆ ದಾಟಬೇಕು. ಬೈಕುಗಳು ನಿಮಗೆ ದಾರಿ ಬಿಡುತ್ತವೆ ಅಂದುಕೊಂಡಿದ್ದೀರಾ?

ಪಥ ಕೀಳಿ ಅಂತ ನಾನು ಹೇಳುತ್ತಿಲ್ಲ. ಕಾರನ್ನು ಒಳಗೆ ಬಿಡುವುದೂ ಬೇಡ. ಉಳಿದೆಲ್ಲ ಸರ್ಕಾರಿ ಬಸ್ಸುಗಳನ್ನು ಬಿಡಿ, ಸಾಕು. ಎತ್ತರದ ನಿಲ್ದಾಣಕ್ಕೆ ಆ ಬಸ್ಸಿನ ಬಾಗಿಲು ಹೊಂದುವುದಿಲ್ಲ ಅನ್ನುತ್ತಾರೆ. ಹೊಂದದಿದ್ದರೆ ಅಲ್ಲಿ ನಿಲ್ಲಿಸಬೇಡಿ, ಸುಮ್ನೆ ದಾಟಿಸಿ.

ಒಂದು ಸಂಜೆ ಕೆಂಪು ಬಸ್ಸಿನಲ್ಲಿದ್ದೆ. ಜಾಮ್. ಕಾಲು ತಾಸಾದರೂ ಅಲ್ಲಾಡಲಿಲ್ಲ. ಪಕ್ಕದ ಸೀಟಿನ ಅಜ್ಜಿ ಮಡಿಲಲ್ಲಿ ಮೆಂತ್ಯ ಸೊಪ್ಪಿನ ಗಂಟು ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಚಿಗರಿಯೊಂದು ಸರ್ರನೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಅರ್ಧ ಖಾಲಿ.

“ಯವ್ವಾ, ಅದರಾಗ ಹತ್ತಬೇಕಿತ್ತು ನೋಡು” ಅಂದೆ.

“ಅದು ನಮ್ಮೂರಿಗೆ ಹೋಗೂದಿಲ್ಲಲ್ಲೋ ತಮ್ಮಾ” ಅಂದಳು.